ಶಶಚಿತ್ರ ಮೀಮಾಂಸೆ

ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡುವುದು ಶಾಸ್ತ್ರಗ್ರಂಥಗಳ ಸಂಪ್ರದಾಯ. ಅದರಂತೆ, ವಿಷಯ: ಕಾಡುಮೊಲದ ಫೋಟೋವನ್ನು ಹತ್ತಿರದಿಂದ ತೆಗೆಯುವುದು. ಪ್ರಯೋಜನ: ಇಲ್ಲ. ಅಧಿಕಾರಿ: ಸಾಲ ಮಾಡಿ ಟೆಲಿ ಲೆನ್ಸ್ ಕೊಂಡವನು. ಸಂಬಂಧ: ಲೆನ್ಸಿಗೂ ತಿಂಗಳ ಕಂತಿಗೂ ಇರತಕ್ಕದ್ದು, ಮೊಲಕ್ಕೆ ಎರಡರ ಜೊತೆಯೂ ಇಲ್ಲ.

ಅಧ್ಯಯನ ಕ್ಷೇತ್ರ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು. ಜನ ಅಲ್ಲಿಗೆ ಹೋಗುವುದು ಕೃಷ್ಣಮೃಗ ನೋಡಲು. ಮೊಲಗಳ ನೆಮ್ಮದಿಗೆ ಇದೇ ಕಾರಣವಿದ್ದೀತು.

ಮೊದಲು ಪೂರ್ವಪಕ್ಷ. ಪಂಜರದ ಬಿಳಿ ಮೊಲವನ್ನು ಹುಲ್ಲಿನ ಮೇಲೆ ಬಿಟ್ಟು ‘ವನ್ಯಜೀವಿ’ ಎಂದು ತೋರಿಸುವ ಒಂದು ಪಂಥವಿದೆ. ಆ ಜಾತಿ ಬಿಲ ತೋಡುವಂಥದ್ದು. ಅದರ ಮರಿಗಳು ಹುಟ್ಟುವಾಗ ಕಣ್ಣೂ ಬಿಟ್ಟಿರುವುದಿಲ್ಲ, ಮೈಮೇಲೆ ಕೂದಲೂ ಇರುವುದಿಲ್ಲ. ನಮ್ಮ ಬಯಲಿನದು ಬಿಲ ತೋಡುವುದಿಲ್ಲ. ಹುಲ್ಲನ್ನು ಅದುಮಿ ತನ್ನ ಮೈಯಳತೆಯ ತಗ್ಗು ಮಾಡಿಕೊಂಡು ಹಗಲೆಲ್ಲ ಅದರಲ್ಲೇ ಮಲಗುತ್ತದೆ. ಮರಿಗಳು ಕಣ್ಣುಬಿಟ್ಟುಕೊಂಡೇ, ತುಪ್ಪಳ ಹೊದ್ದೇ ಹುಟ್ಟುತ್ತವೆ. ಪಂಜರ ಪಂಥ ಇಲ್ಲಿಗೆ ಖಂಡಿತವಾಯಿತು.

1823ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಫ್ರೆಡರಿಕ್ ಕ್ಯೂವಿಯೆ ಬಯಲಿನ ಈ ಮೊಲಕ್ಕೆ ಶಾಸ್ತ್ರೀಯ ಹೆಸರಿಟ್ಟ. ಇದರ ಮುಖ್ಯ ಗುರುತು ಕತ್ತಿನ ಹಿಂಭಾಗದ ಕಪ್ಪು ಪಟ್ಟೆ. ಗುರುತು ಹಿಂದುಗಡೆಯೇ ಇರುವುದರಿಂದ, ಪ್ರಾಣಿಶಾಸ್ತ್ರಕ್ಕೂ ಈ ಪ್ರಾಣಿಯ ಪರಿಚಯವಾದದ್ದು ಅದು ಓಡಿಹೋಗುತ್ತಿದ್ದಾಗಲೇ ಎಂದು ಊಹಿಸಲು ಅಡ್ಡಿಯಿಲ್ಲ.

ಇನ್ನು ಪ್ರಮಾಣ ವಿಚಾರ. ಮೊಲ ಪ್ರತ್ಯಕ್ಷಕ್ಕೆ ಸಿಗುವುದಿಲ್ಲ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಅನುಮಾನಿಸುವಂತೆ, ಕಡಲೆಕಾಯಿ ಹೊಲದ ಬದುವಿನಲ್ಲಿ ಹಿಕ್ಕೆ ಕಂಡು ಮೊಲವನ್ನು ಅನುಮಾನಿಸಬಹುದು. ಆದರೆ ಹಿಕ್ಕೆಯ ಫೋಟೋಗೆ ಬಹುಮಾನ ಕೊಡುವ ಸ್ಪರ್ಧೆ ಇನ್ನೂ ಹುಟ್ಟಿಲ್ಲ. ಉಪಮಾನವನ್ನು ಬಿಡೋಣ. ಶಬ್ದಪ್ರಮಾಣಕ್ಕೆ ಕುರಿಗಾಹಿಗಳಿದ್ದಾರೆ: “ಅಲ್ಲೇ ಕುಂತೈತಲ್ಲ ಸ್ವಾಮಿ, ನಿಮ್ ಕಾಲ್ ತಾವ್ಲೇ!” ಈ ಆಪ್ತವಾಕ್ಯ ಕಿವಿಗೆ ಬೀಳುವಷ್ಟರಲ್ಲಿ ಮೊಲ ಅಡ್ಡಾದಿಡ್ಡಿ ಹಾರಿ ಎರಡು ಹೊಲ ದಾಟಿರುತ್ತದೆ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ಆರನೆಯ ಪ್ರಮಾಣ ಅನುಪಲಬ್ಧಿ: ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ನನ್ನ ಮೆಮೊರಿ ಕಾರ್ಡುಗಳು ಈ ಪ್ರಮಾಣದ ಬೃಹತ್ ಭಾಷ್ಯಗಳು. ಒಣಹುಲ್ಲನ್ನು ಅಷ್ಟು ಸ್ಪಷ್ಟವಾಗಿ ಬೇರೆ ಯಾರೂ ತೆಗೆದಿರಲಾರರು.

ಎಲ್ಲಿ ನಿಂತು ತೆಗೆಯಬೇಕು? ಮೊಲದ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಹಿಂದಿನಿಂದ ಬರುವವನೂ ಕಾಣುತ್ತಾನೆ, ಮೇಲಿನಿಂದ ಎರಗುವ ಹದ್ದೂ ಕಾಣುತ್ತದೆ. ಅದಕ್ಕೆ ಸರಿಯಾಗಿ ಕಾಣದ ಜಾಗ ಮೂಗಿನ ನೇರ ಮುಂದಿನದು ಮಾತ್ರ. ಆದಕಾರಣ ಮೊಲಕ್ಕೆ ಕಾಣಿಸಿಕೊಳ್ಳಬಾರದೆಂದರೆ ಅದರ ಮೂಗಿಗೆ ಮೂಗು ಕೊಟ್ಟು ಮಲಗತಕ್ಕದ್ದು. ಅಷ್ಟು ಹತ್ತಿರದಲ್ಲಿ ಟೆಲಿ ಲೆನ್ಸ್ ಫೋಕಸ್ ಆಗುವುದಿಲ್ಲವೆಂಬುದು ಲೆನ್ಸಿನ ದೋಷ, ಶಾಸ್ತ್ರದ್ದಲ್ಲ.

ಮರೆಗಾಗಿ ಇಂಗ್ಲೆಂಡಿನ ಕೀರ್ಟನ್ ಸೋದರರು 1900ರ ಆಸುಪಾಸಿನಲ್ಲಿ ಟೊಳ್ಳು ಎತ್ತೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ನಿಂತು ಹಕ್ಕಿಗಳ ಚಿತ್ರ ತೆಗೆದರು. ಮಧುಗಿರಿ ಕಡೆ ಈ ವಿಧಾನವನ್ನು ಅನುಸರಿಸಕೂಡದು. ಯಾರಾದರೂ ಬಂದು ನೊಗಕ್ಕೆ ಹೂಡಿಬಿಟ್ಟಾರು.

ಈಗ ಈ ಪ್ರಬಂಧದ ಮುಖ್ಯ ಶೋಧ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದವನನ್ನು ಲೋಕ ಹಟಮಾರಿಯೆಂದು ಜರೆಯುತ್ತ ಬಂದಿದೆ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ, 400 ಮಿ.ಮೀ. ಲೆನ್ಸಿನಿಂದ ಸೆರೆಹಿಡಿದ ಮೊಲವನ್ನು ಎಣಿಸಿ ನೋಡಿ. ನಾಲ್ಕನೆಯ ಕಾಲು ಹುಲ್ಲಿನೊಳಗೋ ಚೌಕಟ್ಟಿನಾಚೆಗೋ ಇರುತ್ತದೆ. ಆತ ಹಟಮಾರಿಯಲ್ಲ, ಫೋಟೋಗ್ರಾಫರ್. ಹಾಗೆಯೇ, ಇಲ್ಲದ ವಸ್ತುವಿಗೆ ಮೊಲದ ಕೊಂಬನ್ನು ಉದಾಹರಿಸಿದ ತಾರ್ಕಿಕರು ಫೋಕಸ್ ತಪ್ಪಿದ ಕಿವಿಗಳನ್ನು ನೋಡಿರಲಿಲ್ಲ.

ಸಿದ್ಧಾಂತವೂ ಕುರಿಗಾಹಿಯದೇ: “ಅದರ ಹಿಂದ್ಗುಟ್ಟೆ ಹೋಗ್ಬ್ಯಾಡಿ. ಕುಂತ್ಕಳಿ ಸುಮ್ಕೆ, ಅದೇ ಬತ್ತೈತೆ.” ಬಿಸಿಲಿಳಿದ ಮೇಲೆ ಮೇಯಲು ಏಳುವ ಮೊಲ, ನೆಲಕ್ಕೆ ಹೊಟ್ಟೆ ಹಚ್ಚಿ ಅಲುಗಾಡದೆ ಬಿದ್ದವನ ಹತ್ತಿರಕ್ಕೆ ಬಂದರೂ ಬರುತ್ತದೆ. ಕಿವಿಯನ್ನು ಬೆನ್ನಿಗೆ ಅಂಟಿಸಿ ಕುಗ್ಗಿತೆಂದರೆ ಹೆದರಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸಬೇಕು.

ರಾತ್ರಿ ಟಾರ್ಚು ಬಿಟ್ಟು ಕಣ್ಣು ಕುಕ್ಕಿಸಿ ನಿಲ್ಲಿಸುವ ನಿಶಾಚರ ಪಂಥಕ್ಕೆ ಖಂಡನೆ ಬರೆಯಬೇಕಾಗಿಲ್ಲ. ಅದು ಬೇಟೆಯವರ ವಿದ್ಯೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊಲವನ್ನೂ ಕಾಯುತ್ತದೆ.

ಮುಂದಿನ ಸಂಶೋಧಕರಲ್ಲಿ ಒಂದು ವಿನಂತಿ. ಹೊಲದಲ್ಲಿ ಒಂಟಿ ಮರಿ ಕಂಡರೆ ಅನಾಥವೆಂದು ಎತ್ತಿಕೊಂಡು ಬರಬೇಡಿ. ತಾಯಿ ಬೇಕೆಂದೇ ದೂರವಿದ್ದು, ಕತ್ತಲಾದ ಮೇಲೆ ಹಾಲೂಡಿಸಲು ಬರುತ್ತದೆ. ಫೋಟೋ ಬೇಕಿದ್ದರೆ ನಿಂತಲ್ಲಿಂದಲೇ ಒಂದು ತೆಗೆದು ಹೊರಟುಬಿಡಿ.