ಒತ್ತು ಕುಡಿದ ಕಾಫಿ

ಕಾಫಿ ಹೇಗೆ ಚೆಲ್ಲಿತು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಕೈ ತಗುಲಿ ಚೆಲ್ಲಿತು ಅಂತಿಟ್ಟುಕೊಳ್ಳಿ. ಮನೆಯಲ್ಲೂ ಮೊದಲು ಹಾಗೇ ಹೇಳಿದ್ದೆ.

ಬೆಳಗ್ಗೆ ಆರೂವರೆ. ಪತ್ರಿಕೆಗೆ ಅಂಕಣ ಕಳಿಸಲು ಅವತ್ತೇ ಕಡೇ ದಿನ. ಸ್ಟೀಲ್ ಲೋಟದ ತುಂಬ ಫಿಲ್ಟರ್ ಕಾಫಿ ಲ್ಯಾಪ್‌ಟಾಪಿನ ಪಕ್ಕದಲ್ಲಿತ್ತು. ಕಣ್ಣು ಮಿಟುಕಿಸುವುದರೊಳಗೆ ಲ್ಯಾಪ್‌ಟಾಪಿನ ಒಳಗಿತ್ತು. ಕೀಲಿಗಳ ಸಂದಿಯಲ್ಲಿ ಅದು ಸಾಲು ಹಿಡಿದು, ಒಂದು ಸಾಲು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿ, ಬಲು ಶಿಸ್ತಿನಿಂದ ಹರಿಯಿತು. ಗದ್ದೆಗೆ ನೀರು ಹಾಯಿಸಿದವರ ವಂಶ ನಮ್ಮದು. ಆದರೂ ಮಡೆ ತಿರುಗಿಸಲು ಆ ಹೊತ್ತಿಗೆ ತೋಚಬೇಕಲ್ಲ!

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಮೊದಲು ಚಾರ್ಜರ್ ಕೀಳಬೇಕು. ಪವರ್ ಬಟನ್ ಒತ್ತಿ ಹಿಡಿದು ಯಂತ್ರವನ್ನು ಆರಿಸಬೇಕು. ಬರೆದದ್ದನ್ನು ಉಳಿಸಲೋ ಬೇಡವೋ ಅಂತ ಅದು ಕೇಳಿದರೆ ಉತ್ತರ ಕೊಡುತ್ತ ಕೂರಬಾರದು. ಪೂರ್ತಿ ತೆರೆದು, ಜಾತ್ರೆಯ ಡೇರೆಯ ಹಾಗೆ ಬೋರಲು ನಿಲ್ಲಿಸಬೇಕು. ಬಟ್ಟೆಯಿಂದ ಒತ್ತಿ ಹೀರಿಸಬೇಕೇ ಹೊರತು ಒರೆಸಬಾರದು. ಎರಡು ದಿನ ಅದರ ತಂಟೆಗೆ ಹೋಗಬಾರದು. ನಾನು ಮಾಡಿದ್ದು ಇಷ್ಟು: ಪಂಚೆಯ ಚುಂಗಿನಿಂದ ಗಸಗಸ ಒರೆಸಿದೆ. ಆಮೇಲೆ ಒಂದೊಂದೇ ಕೀಲಿ ಒತ್ತಿ ‘ಬರ್ತಿದೆಯಾ, ಬರ್ತಿದೆಯಾ’ ಅಂತ ಪರೀಕ್ಷೆ ಮಾಡಿದೆ. ಮೇಲೆ ನಿಂತಿದ್ದ ಕಾಫಿಯೂ ಈ ಉಪಚಾರದಿಂದ ಒಳಗಿಳಿಯಿತು. ಪರದೆ ಒಮ್ಮೆ ಮಿನುಗಿ ಕಪ್ಪಾಯಿತು.

ಇದರಲ್ಲಿ ನೀರಿನ ತಪ್ಪು ಕಡಿಮೆ. ಅಪ್ಪಟ ನೀರು ವಿದ್ಯುತ್ತನ್ನು ಹಾಯಗೊಡುವುದು ತೀರಾ ಅಲ್ಪ. ಕೆಲಸ ಕೆಡಿಸುವುದು ಅದರಲ್ಲಿ ಕರಗಿಕೊಂಡ ಲವಣ, ಹುಳಿ ಇತ್ಯಾದಿ. ನಮ್ಮ ಕಾಫಿಯಲ್ಲಿ ಹಾಲಿದೆ, ಡಿಕಾಕ್ಷನ್ ಇದೆ, ನಲ್ಲಿ ನೀರಿನ ಖನಿಜವೆಲ್ಲ ಇದೆ. ಒಳಗೆ ಕರೆಂಟು ಹರಿಯುತ್ತಿರುವಾಗ ಈ ತೇವ ಸಿಕ್ಕಿತೋ, ತಾಮ್ರದ ಗೆರೆಗಳು ಸವೆಯತೊಡಗುತ್ತವೆ, ಮೇಲೆ ಹಸಿರು ಕಟ್ಟುತ್ತದೆ. ಮಗಳು ಇದನ್ನು ಎಂಜಿನಿಯರಿಂಗ್ ಭಾಷೆಯಲ್ಲಿ ವಿವರಿಸಿದಾಗ ಅಮ್ಮ, ‘ಅಂದ್ರೆ ಕಿಲುಬು ಅನ್ನು. ಹಿತ್ತಾಳೆ ಪಾತ್ರೇಲಿ ಹುಳಿ ಇಟ್ಟ ಹಾಗೆ. ಕಲಾಯಿ ಹಾಕಿಸ್ಬೇಕಿತ್ತು ಕಣೋ’ ಅಂದಳು. ಬೋರ್ಡು ಮಾಡುವ ಕಂಪನಿಗಳು ತಾಮ್ರದ ಮೇಲೆ ತವರವನ್ನೋ ಚಿನ್ನದ ತೆಳು ಲೇಪವನ್ನೋ ಹಾಕುತ್ತವಂತೆ. ಅದು ಕಲಾಯಿಯೇ ತಾನೆ.

ಅಷ್ಟರಲ್ಲಿ ಸುದ್ದಿ ಫೋನಿನಲ್ಲಿ ಹಬ್ಬಿತ್ತು. ‘ಅಕ್ಕೀಲಿ ಹೂತಿಡಿ ಭಾವ, ಎಲ್ಲಾ ನೀರು ಎಳ್ಕೊಳುತ್ತೆ’ ಅಂದ ಹೆಂಡತಿಯ ತಮ್ಮ. ಯಾವ ಅಕ್ಕಿ ಅನ್ನುವುದರ ಮೇಲೆ ಚರ್ಚೆಯಾಯಿತು. ಹಳೇ ಸೋನಾ ಮಸೂರಿ ಕೊಡಲು ಹೆಂಡತಿ ಒಪ್ಪಲಿಲ್ಲ. ದೋಸೆ ಅಕ್ಕಿ ಆಗಬಹುದೇ ಅಂದೆ. ದಪ್ಪಕ್ಕಿ ಜಾಸ್ತಿ ಹೀರುತ್ತೆ, ಅದಕ್ಕೇ ಅದರ ಅನ್ನ ಒದಗುತ್ತೆ ಅಂತ ಅಮ್ಮ ತೀರ್ಪು ಕೊಟ್ಟಳು. ಲ್ಯಾಪ್‌ಟಾಪು ಹಿಡಿಸುವಂಥ ಡಬ್ಬಿ ಯಾವುದು, ಆಮೇಲೆ ಆ ಅಕ್ಕಿಯನ್ನು ಉಣ್ಣುವವರು ಯಾರು ಅನ್ನುವಲ್ಲಿಗೆ ಬರುವಷ್ಟರಲ್ಲಿ ಮಗಳು ಎಲ್ಲರ ಬಾಯಿ ಮುಚ್ಚಿಸಿದಳು. ಒದ್ದೆ ಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ, ಅಕ್ಕಿಯ ಪುಡಿ ಒಳಸೇರಿ ಇನ್ನಷ್ಟು ಕೆಡಿಸೀತು ಅಂತ ಆಪಲ್ ಕಂಪನಿಯೇ 2024ರಲ್ಲಿ ಹೇಳಿದೆಯಂತೆ. ಅಕ್ಕಿ ನೀರು ಹೀರುವುದು ನಿಜ. ಆದರೆ ಅದಕ್ಕೆ ಒಲೆಯ ಮೇಲೆ ಕೂರಬೇಕು.

ಭಾವಮೈದುನ ಸೋಲೊಪ್ಪುವ ಜಾತಿಯವನಲ್ಲ. ‘ನನ್ನ ಫೋನು ಐಪಿ68 ಭಾವ, ನೀರೊಳಗೆ ಹಾಕಿದ್ರೂ ಏನೂ ಆಗಲ್ಲ’ ಅಂದ. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಸಿಹಿಕಾಫಿಯಲ್ಲಿ ಅಲ್ಲ ಅನ್ನಲು ಹೊರಟವನು, ‘ಸಿಹಿ’ ಎಂಬ ಮಾತು ನಮ್ಮನೆಯಲ್ಲಿ ಆಡುವಂಥದ್ದಲ್ಲವೆಂದು ನೆನಪಾಗಿ ಸುಮ್ಮನಾದೆ.

ಈ ಗದ್ದಲದಲ್ಲಿ ಗೆದ್ದವಳು ಅಮ್ಮ. ಅವಳ ಟೀವಿ ರಿಮೋಟಿಗೆ ಕೊಂಡ ದಿನದಿಂದಲೂ ಪ್ಲಾಸ್ಟಿಕ್ ಕವರು, ಮೇಲೊಂದು ರಬ್ಬರ್ ಬ್ಯಾಂಡು. ಅದರ ಮೇಲೆ ತಿಳಿಸಾರು ಬಿದ್ದಿದೆ, ಮಜ್ಜಿಗೆ ಬಿದ್ದಿದೆ, ಒಮ್ಮೆ ಪೂರ್ತಿ ಪಂಚಾಮೃತವೇ ಬಿದ್ದಿದೆ. ಒರೆಸಿ ಧಾರಾವಾಹಿ ಹಾಕುತ್ತಾಳೆ. ಇದು ಹಳೇ ಕಾಲದವರ ಜಿಪುಣತನ ಅಂತ ನಾನು ಒಂದು ಪ್ರಬಂಧದಲ್ಲಿ ಲೇವಡಿಯನ್ನೂ ಮಾಡಿದ್ದೆ. ಆ ಪ್ರಬಂಧ ಈಗ ಈ ಸತ್ತ ಲ್ಯಾಪ್‌ಟಾಪಿನೊಳಗೆ ಸಿಕ್ಕಿಕೊಂಡಿತ್ತು. ರಿಮೋಟು ಕೈಯಲ್ಲಿ ಹಿಡಿದು ಅವಳು ನನ್ನನ್ನು ನೋಡಿದ ನೋಟ ಹೇಗಿತ್ತೆಂದು ನಾನು ಬರೆಯುವುದಿಲ್ಲ.

ಸಂಪಾದಕರ ಕೈಕಾಲು ಹಿಡಿದು ಮೂರು ದಿನದ ವಾಯಿದೆ ಪಡೆದೆ. ಮೂರನೇ ದಿನ ದೇವರ ಮನೆಯ ಕಡೆ ಒಮ್ಮೆ ನೋಡಿ ಬಟನ್ ಒತ್ತಿದೆ. ಬಂತು! ದೀಪ ಬಂತು, ಪರದೆ ಬಂತು, ಅರ್ಧ ಬರೆದ ಅಂಕಣವೂ ಬಂತು. ಎಲ್ಲ ಕೀಲಿಗಳೂ ಕೆಲಸ ಮಾಡಿದವು, ಒಂದನ್ನು ಬಿಟ್ಟು. ಎಫ್ ಕೀಲಿ ಮಾತ್ರ ಏನು ಮಾಡಿದರೂ ಉಸಿರೆತ್ತಲಿಲ್ಲ.

ಇಂಗ್ಲಿಷಿನವರಿಗೆ ಎಫ್ ಹೋದರೆ ದೊಡ್ಡ ನಷ್ಟವಲ್ಲ. ಪಿ, ಎಚ್ ಸೇರಿಸಿ ಹೇಗೋ ಒಪ್ಪ ಮಾಡಿಕೊಂಡಾರು. ನಾನು ಬರೆಯುವುದು ‘ನುಡಿ’ ತಂತ್ರಾಂಶದಲ್ಲಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಕೆ ಒತ್ತಿದರೆ ಕ, ಜಿ ಒತ್ತಿದರೆ ಗ. ಮಹಾಪ್ರಾಣ ಬೇಕಾದರೆ ಶಿಫ್ಟ್. ಇಷ್ಟು ದೊಡ್ಡ ವರ್ಣಮಾಲೆಯನ್ನು ಇಂಗ್ಲಿಷಿನ 26 ಕೀಲಿಗಳಲ್ಲಿ ಸಲೀಸಾಗಿ ಕೂರಿಸಿದ್ದಾರೆ. ಕಕ್ಕೆ ಕ ಒತ್ತು ಕೊಡಬೇಕಾದರೆ ನಡುವೆ ಎಫ್ ಒತ್ತಬೇಕು. ಅರ್ಧಾಕ್ಷರ, ಒತ್ತಕ್ಷರ, ಅರ್ಕಾವತ್ತು ಎಲ್ಲದಕ್ಕೂ ಆ ಒಂದೇ ಕೊಂಡಿ. ಕನ್ನಡದ ಒತ್ತುಗಳೆಲ್ಲ ಆ ಒಂದು ಕೀಲಿಗೆ ಜೋತು ಬಿದ್ದಿವೆ ಅನ್ನುವುದು ಅದು ಹೋಗುವ ತನಕ ನನಗೆ ಹೊಳೆದಿರಲಿಲ್ಲ.

ಬೆಂಗಳೂರಿನ ರಸ್ತೆ ಗುಂಡಿಗಳ ಬಗ್ಗೆ ಅಂಕಣ ಶುರು ಮಾಡಿದ್ದೆ. ಮುಂದುವರಿಸಲು ಕೂತರೆ ರಸ್ತೆ ಮೂಡಲಿಲ್ಲ, ಗುಂಡಿ ಮಾತ್ರ ಮೂಡಿತು. ಅದೇನೋ ಸರಿಯಾಗಿಯೇ ಇತ್ತು. ಕರ್ನಾಟಕ ಅಂತ ಒತ್ತಿದರೆ ‘ಕರನಾಟಕ’ ಅಂತ ಬಂತು; ತೆರಿಗೆ ಕಟ್ಟುವವನಾಗಿ ಅದನ್ನೂ ತಿದ್ದಲು ಮನಸ್ಸಾಗಲಿಲ್ಲ. ಸರ್ಕಾರ ಹೋಗಿ ಸರಕಾರ ಆಯಿತು. ಒತ್ತು ಇದ್ದರೂ ಇಲ್ಲದಿದ್ದರೂ ಏನೂ ವ್ಯತ್ಯಾಸವಾಗದ್ದು ಅದೊಂದಕ್ಕೇ.

ಮನೆಯ ಜನ ಒಬ್ಬೊಬ್ಬರಾಗಿ ಕಣ್ಮರೆಯಾದರು. ಅಪ್ಪ ಇಲ್ಲ, ಅಮ್ಮ ಇಲ್ಲ. ಅಣ್ಣ, ತಮ್ಮ, ಅಕ್ಕ, ತಂಗಿ ಅಂತ ಎಣಿಸಿದರೆ ತಂಗಿ ಒಬ್ಬಳು ಉಳಿದಳು. ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ ಎಲ್ಲರೂ ಕಾಫಿಯಲ್ಲಿ ಮುಳುಗಿದರು. ಮಾವ, ಭಾವ, ನಾದಿನಿ ಮಾತ್ರ ಏನೂ ಆಗದವರ ಹಾಗೆ ಕೂತಿದ್ದರು. ಹೆಂಡತಿಗೂ ಒತ್ತಿಲ್ಲ. ಅದಕ್ಕಿಂತ ದೊಡ್ಡ ಸಂಕಟವೆಂದರೆ ‘ಇಲ್ಲ’ ಅಂತ ಬರೆಯಲಾಗುತ್ತಿರಲಿಲ್ಲ, ‘ಅಲ್ಲ’ವೂ ಬರುತ್ತಿರಲಿಲ್ಲ. ‘ಹೌದು’ ಮಾತ್ರ ಬೇಕಾದಷ್ಟು ಸಲ ಬರೆಯಬಹುದಿತ್ತು. ಗಂಡಂದಿರಿಗೆಂದೇ ಮಾಡಿದ ಕೀಲಿಮಣೆ.

ಇಷ್ಟೆಲ್ಲ ಅನಾಹುತ ಮಾಡಿದ ಕಾಫಿಗೆ ಒತ್ತೇ ಬೇಡ ನೋಡಿ. ಅದರ ಫ ಇರುವುದು ಪಿ ಕೀಲಿಯಲ್ಲಿ, ಶಿಫ್ಟ್ ಒತ್ತಿದರಾಯಿತು. ಸಕ್ಕರೆ ಬರೆಯಲಾಗದು, ತಪ್ಪು ಒಪ್ಪಿಕೊಳ್ಳೋಣವೆಂದರೆ ತಪ್ಪೂ ಬರೆಯಲಾಗದು, ಒಪ್ಪೂ ಬರೆಯಲಾಗದು. ಸಂಪಾದಕರಿಗೆ ಕ್ಷಮೆ ಕೇಳಿ ಮೇಲ್ ಬರೆದೆ. ‘ಕಷಮಿಸಿ’ ಅಂತ ಹೋಯಿತು. ‘ಏನು ಕಷಾಯವೇ? ಹುಷಾರಿಲ್ಲವೇ?’ ಅಂತ ಉತ್ತರ ಬಂತು.

ದಂಡಿಯ ‘ದಶಕುಮಾರಚರಿತ’ದಲ್ಲಿ ಮಂತ್ರಗುಪ್ತನೆಂಬವನು ತನ್ನ ಕಥೆಯನ್ನು ಪ, ಬ, ಮ ಮೊದಲಾದ ತುಟಿಯಕ್ಷರಗಳಿಲ್ಲದೆ ಹೇಳುತ್ತಾನೆ. ನಲ್ಲೆ ಕಚ್ಚಿ ತುಟಿ ಗಾಯವಾಗಿರುತ್ತದೆ, ಮುಚ್ಚಿ ತೆರೆಯಲು ಉರಿ. ಆ ಮಹಾಕವಿಗೆ ಸಾಧ್ಯವಾದದ್ದು ನನಗೇಕೆ ಆಗಬಾರದು? ಗಾಯದ ಕಾರಣ ಅಷ್ಟು ರಸಿಕವಲ್ಲ, ನಿಜ. ಒತ್ತಿಲ್ಲದ ಗದ್ಯವನ್ನೇ ಬರೆಯುತ್ತೇನೆ ಅಂತ ಕೂತೆ. ಒಂದು ಗಂಟೆಯ ತಪಸ್ಸಿಗೆ ಇಳಿದು ಬಂದದ್ದು ಇದು: ‘ಊರಿನ ಹೊರಗೆ ಒಂದು ಕೆರೆ. ಕೆರೆಯ ಏರಿಯ ಮೇಲೆ ಆಲದ ಮರ. ಮರದ ಕೆಳಗೆ ಬಸವ. ಬಸವನ ಮೇಲೆ ಕಾಗೆ. ಮಳೆ ಬರುವ ಹಾಗಿದೆ. ಕಾಗೆ ಹಾರಿ ಹೋಯಿತು. ಬಸವ ಹೋಗದು.’

ಮಗಳು ಹಿಂದಿನಿಂದ ಓದಿ, ‘ಅಪ್ಪಾ, ನಲಿ-ಕಲಿಗೆ ಪಾಠ ಬರೀತಿದ್ದೀಯಾ?’ ಅಂದಳು. ಆಮೇಲೆ ಕನಿಕರಪಟ್ಟು ಪರದೆಯ ಮೇಲೇ ಕೀಲಿಮಣೆ ಮೂಡಿಸುವುದನ್ನು ತೋರಿಸಿಕೊಟ್ಟಳು. ಒಂದೊಂದು ಒತ್ತಿಗೂ ಮೌಸ್ ಹಿಡಿದು ಎಫ್ ಹುಡುಕಿ ಚುಚ್ಚಬೇಕು. ಕನ್ನಡದಲ್ಲಿ ಎಷ್ಟು ಒತ್ತಿವೆ ಅಂತ ಕೈಬೆರಳು ಹೇಳುವಷ್ಟು ಚೆನ್ನಾಗಿ ಯಾವ ವ್ಯಾಕರಣವೂ ಹೇಳುವುದಿಲ್ಲ. ಎರಡು ಪ್ಯಾರಾ ಮುಗಿಸಿ, ಉಳಿದದ್ದನ್ನು ಪೆನ್ನಿನಲ್ಲಿ ಬರೆದು ಫೋಟೋ ತೆಗೆದು ಕಳಿಸಿದೆ.

ಅವತ್ತು ಸಂಜೆ ಇರುವೆ ಬಂದವು.

ಕಪ್ಪಿರುವೆ. ಮೇಜಿನ ಕಾಲು ಹತ್ತಿ, ಪುಸ್ತಕಗಳನ್ನು ಬಳಸಿ, ಲ್ಯಾಪ್‌ಟಾಪಿನ ಎಫ್ ಮತ್ತು ಜಿ ನಡುವಿನ ಸಂದಿಯಲ್ಲಿ ಇಳಿದು ಹೋಗುತ್ತಿದ್ದವು. ಬೇರೆ ದಾರಿಯಲ್ಲಿ ಮೇಲೆ ಬರುತ್ತಿದ್ದವು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು.

‘ರೀ, ಬರೀ ಕಾಫಿಗೆ ಇರುವೆ ಬರುತ್ತಾ?’

‘ಹಾಲು ಇತ್ತಲ್ಲ, ಹಾಲಿಗೆ...’

‘ಹಾಲಿಗೆ?’

ನಾನು ಪತ್ರಿಕೆ ತಿರುವಿದೆ. ಮಾರನೇ ದಿನ ಲ್ಯಾಪ್‌ಟಾಪು ತೋರಿಸಲು ಎಸ್.ಪಿ. ರೋಡಿಗೆ ಹೊರಟರೆ, ಚಿಕ್ಕಪೇಟೆಯಲ್ಲಿ ಬ್ಲೌಸ್ ಪೀಸು ತೆಗೆಯಬೇಕು ಅಂತ ಅವಳೂ ಹೊರಟಳು. ಮೆಟ್ರೋದಲ್ಲಿ ಒಂದು ಮಾತೂ ಆಡಲಿಲ್ಲ.

ಎಸ್.ಪಿ. ರೋಡಿನ ಆ ಮಳಿಗೆ ಒಬ್ಬರು ನಿಂತರೆ ಇನ್ನೊಬ್ಬರು ಹೊರಗಿರಬೇಕು, ಅಷ್ಟಗಲ. ಇಪ್ಪತ್ತೈದರ ಹುಡುಗ ಸ್ಕ್ರೂ ಬಿಚ್ಚಿ ಒಳಗೆ ಟಾರ್ಚು ಬಿಟ್ಟ. ಮೊದಲು ಒಂದು ಪುಟ್ಟ ಬೊಟ್ಟು ತೋರಿಸಿದ. ಬಿಳಿ ಇರಬೇಕಾದ್ದು, ನೀರು ತಾಕಿದರೆ ಕೆಂಪಾಗುತ್ತದಂತೆ, ಅರಿಸಿನಕ್ಕೆ ಸುಣ್ಣ ಬಿದ್ದ ಹಾಗೆ. ಅದು ಕೆಂಪಾದ ಮೇಲೆ ವಾರಂಟಿಯ ಮಾತೆತ್ತುವಂತಿಲ್ಲ. ‘ಬೋರ್ಡಿಗೆ ಅಷ್ಟಾಗಿ ಹೋಗಿಲ್ಲ ಸಾರ್, ನಿಮ್ಮ ಪುಣ್ಯ. ಐಪಿಎ ಹಾಕಿ ಬ್ರಷ್‌ನಲ್ಲಿ ತೊಳ್ದುಬಿಡ್ತೀನಿ’ ಅಂದ. ಐಪಿಎ ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲು. ಕೊಳೆ ಕರಗಿಸಿ ತಾನು ಬೇಗ ಆರಿಹೋಗುವ ಸಜ್ಜನ ದ್ರವ. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಆತ ಎಫ್ ಕೀಲಿಯ ಮುಚ್ಚಳ ಎಬ್ಬಿಸಿದ. ಕೆಳಗಿದ್ದ ಕಂದು ಅಂಟನ್ನು ಸ್ಕ್ರೂಡ್ರೈವರಿನ ತುದಿಯಲ್ಲಿ ಎತ್ತಿ ಕೇಳಿದ:

‘ಸಾರ್, ಎಷ್ಟು ಸ್ಪೂನ್ ಸಕ್ರೆ?’

ಮಳಿಗೆಯ ಹೊರಗಿನಿಂದ ಹೆಂಡತಿಯ ತಲೆ ಒಳಗೆ ಬಂತು.

‘ಸಕ್ಕರೆ ಹಾಕದ ಕಾಫಿ ಕಣಪ್ಪಾ’ ಅಂದೆ, ದನಿ ನನಗೇ ಕೇಳಿಸದಷ್ಟು ಮೆಲ್ಲಗೆ.

‘ಛೇ, ಚಾನ್ಸೇ ಇಲ್ಲ ಸಾರ್. ಸಕ್ರೆ ಇಲ್ದಿದ್ರೆ ಹಿಂಗೆ ಅಂಟಲ್ಲ. ನೋಡಿ ಮೇಡಂ.’

ಮೇಡಂ ನೋಡಿದರು. ಹೆಬ್ಬೆರಳು ತೋರುಬೆರಳ ನಡುವೆ ಅದನ್ನು ಹಿಡಿದು ಎಳೆದರು. ‘ಎರಡೆಳೆ ಪಾಕ’ ಅಂದರು. ಮೂವತ್ತು ವರ್ಷ ಹಬ್ಬಕ್ಕೆ ರವೆಉಂಡೆ ಕಟ್ಟಿದ ಕೈ ಅದು. ಅದರ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಡಾಕ್ಟರು ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನಷ್ಟೇ ಹೇಳುತ್ತದೆ. ಈ ಹುಡುಗ ದಿನ, ಹೊತ್ತು, ಚಮಚದ ಸಮೇತ ಹೇಳಿಬಿಟ್ಟ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವಳು ಕೊಡುವ ಸಪ್ಪೆ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿ ಕದಡುತ್ತಿದ್ದೆ. ಅವಳ ಹೆಜ್ಜೆ ಸದ್ದಾಯಿತು. ಲೋಟವನ್ನು ಲ್ಯಾಪ್‌ಟಾಪಿನ ಪರದೆಯ ಹಿಂದೆ ಮರೆ ಮಾಡಲು ಹೋದೆ. ಸ್ಟೀಲ್ ಲೋಟ, ಕಂಠದ ತನಕ ಬಿಸಿ. ಬೆರಳು ಸುಟ್ಟು ಕೈಬಿಟ್ಟೆ. ಚೆಲ್ಲಿದ್ದು ಹೀಗೆ.

ಲ್ಯಾಪ್‌ಟಾಪಿರುವ ಕೋಣೆಗೆ ಇನ್ನು ಮೇಲೆ ಕಾಫಿ ಇಲ್ಲ ಅಂತ ಆಜ್ಞೆಯಾಯಿತು. ನಾನು ಇತಿಹಾಸದ ಮೊರೆಹೋದೆ. ಕಾಫಿಗೂ ಕಂಪ್ಯೂಟರಿಗೂ ಇರುವ ನಂಟು ಇವತ್ತಿನದಲ್ಲ ಅಂದೆ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಕಾಫಿಯದೇ ಹೆಸರು, ಹಬೆಯಾಡುವ ಕಪ್ಪೇ ಲಾಂಛನ. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದವರು 1991ರಲ್ಲಿ ತಮ್ಮ ಕಾಫಿ ಪಾತ್ರೆಯ ಮುಂದೆ ಒಂದು ಕ್ಯಾಮೆರಾ ಇಟ್ಟರು. ಮೆಟ್ಟಿಲು ಹತ್ತಿಳಿದು ಹೋಗಿ ನೋಡಿದರೆ ಖಾಲಿ ಅನ್ನುವ ದುಃಖ ಬೇಡವೆಂದು, ಕೂತಲ್ಲೇ ಪರದೆಯಲ್ಲಿ ನೋಡಿಕೊಳ್ಳಲಿಕ್ಕೆ. 1993ರಲ್ಲಿ ಅದನ್ನು ಇಂಟರ್ನೆಟ್ಟಿಗೂ ಬಿಟ್ಟರು. ಲೋಕದ ಮೊದಲ ವೆಬ್‌ಕ್ಯಾಮ್ ಅದೇ. 2001ರಲ್ಲಿ ನಿಲ್ಲಿಸಿದ ಮೇಲೆ ಆ ಕೆಟ್ಟ ಕಾಫಿ ಯಂತ್ರ ಹರಾಜಿನಲ್ಲಿ 3,350 ಪೌಂಡಿಗೆ ಹೋಯಿತು. ಕಾಫಿ ಇಲ್ಲದಿದ್ದರೆ ವೆಬ್‌ಕ್ಯಾಮೇ ಇರುತ್ತಿರಲಿಲ್ಲ ಕಣೇ ಅಂದೆ.

‘ಒಳ್ಳೇ ವಿಷಯ ಹೇಳಿದ್ರಿ,’ ಅಂದಳು. ‘ಸಕ್ಕರೆ ಡಬ್ಬಿ ಮುಂದೆ ಒಂದು ಹಾಕಿಸೋಣ.’

ಹುಡುಗ ಬೋರ್ಡು ತೊಳೆದು, ಹೊಸ ಕೀಲಿಮಣೆ ಕೂರಿಸಿ ಎಲ್ಲ ಸೇರಿ 2,200 ರೂಪಾಯಿ ತೆಗೆದುಕೊಂಡ. ಮೇಲಕ್ಕೆ ಹೆಂಡತಿ ಸಿಲಿಕೋನ್ ಹೊದಿಕೆ ಬೇರೆ ಕೊಡಿಸಿದಳು. ಅದರ ಮೇಲೆ ಟೈಪು ಮಾಡುವುದೆಂದರೆ ಕಂಬಳಿ ಹೊದ್ದವರ ಬೆನ್ನು ತುರಿಸಿದ ಹಾಗೆ. ಆದರೂ ಒತ್ತುಗಳೆಲ್ಲ ಬರುತ್ತಿವೆ. ಅಮ್ಮ ಅದಕ್ಕೊಂದು ರಬ್ಬರ್ ಬ್ಯಾಂಡ್ ಹಾಕಬೇಕೆನ್ನುತ್ತಾಳೆ.

ಬಿಚ್ಚಿದ ಹಳೇ ಕೀಲಿಮಣೆಯನ್ನು ಎಸೆಯಲು ಮನಸ್ಸಾಗದೆ ಕವರಿನಲ್ಲಿ ಹಾಕಿ ತಂದು ಅಟ್ಟದ ಮೇಲಿಟ್ಟಿದ್ದೇನೆ. ಇರುವೆಗಳೆಲ್ಲ ಈಗ ಅಲ್ಲಿಗೆ ಹೋಗುತ್ತಿವೆ. ನನ್ನ ಕಾಫಿಯ ಹತ್ತಿರ ಒಂದೂ ಸುಳಿಯುವುದಿಲ್ಲ.