ಠೇವಣಿ

(ಯಲವಿಗಿ ಸ್ಟೇಷನ್ ಬಳಿಯ ಚಾದಂಗಡಿ. ಚುನಾವಣೆ ಘೋಷಣೆಯಾಗಿ ಲೈಸೆನ್ಸ್ ಬಂದೂಕುಗಳೆಲ್ಲ ಠಾಣೆ ಸೇರುವ ಕಾಲ. ಹಂದಿಗಳಿಗೆ ಮಾತ್ರ ನೀತಿಸಂಹಿತೆ ಅನ್ವಯಿಸಿಲ್ಲ.)

ಪುಢಾರಿ: ಏನ್ ಚಾಚಾ, ಹೆಗಲಮ್ಯಾಲ ಬಂದೂಕು?

ಚಾಚಾ: ಸವಣೂರು ಠಾಣೇಕ ಇಟ್ಟು ಬರ್ತೀನ್ರಿ. ಇಲೆಕ್ಷನ್ ಮುಗಿಯೂತನಕ ಗೋವಿನಜೋಳ ಹಂದೀ ಪಾಲು.

ಗೌಡ್ರು: ನಂದೂ ನಿನ್ನೆ ಇಟ್ಟು ಬಂದೆ.

ಪುಢಾರಿ: ನಿಮ್ಮದು ಬೆಳಿ ಕಾಯಾಕ, ಬರೋಬ್ಬರಿ. ಚಾಚಾಂದು ಯಾತಕ್ಕೋ?

ಚಾಚಾ: ನಂದೂ ಬೆಳೀಗೇ ರೀ. ಹೊಲ ಯಾರದಂತ ಹಂದಿ ಉತಾರ ನೋಡಿ ತಿನ್ನಂಗಿಲ್ಲ.

ಗೌಡ್ರು: ಕೊಡಗಿನ್ಯಾಗ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸೇ ಬ್ಯಾಡಂತ. 2029ರ ತನಕ ಕೇಂದ್ರ ವಿನಾಯ್ತಿ ಕೊಟ್ಟೈತಿ.

ಪುಢಾರಿ: ಅದು ಪರಂಪರೆ!

ಚಾಚಾ: ನಮ್ಮ ಮುತ್ತಜ್ಜನೂ ನವಾಬರ ಕಾಲದಾಗ ತುಬಾಕಿ ಹಿಡಿದಾಂವ.

ಪುಢಾರಿ: ಅದು ಇತಿಹಾಸ! ಇರಲಿ, ನಿಮ್ಮ ಓಣಿ ವೋಟು ಯಾರಿಗಂತ ಕೇಳೂದೇ ಬ್ಯಾಡ, ಗೊತ್ತೈತಿ.

ಚಾಚಾ: ಗೊತ್ತಿದ್ರ ನಮಗೂ ಹೇಳ್ರಿ. ದೊಡ್ಡ ಮಗ ಒಂದು ಪಕ್ಷ, ಸಣ್ಣಾಂವ ಇನ್ನೊಂದು. ಅವರವ್ವ ಗ್ಯಾಸಿನ ರೇಟು ನೋಡಿ ಒತ್ತಾಕಿ.

ಗೌಡ್ರು: ನಮ್ಮ ಮನ್ಯಾಗೂ ಹಂಗ. ನನ್ನ ವೋಟು ಯಾರಿಗಂತ ಇವ ಒಮ್ಮೆನೂ ಹೇಳಿಲ್ಲ ನೋಡು.

ಪುಢಾರಿ: ನೀವು ವಿಚಾರ ಮಾಡಿ ಹಾಕಾವ್ರು, ಗೌಡ್ರ! ಅವರದು ವೋಟ್ ಬ್ಯಾಂಕ್.

ಚಾಚಾ: ನಾನೇ ಬ್ಯಾಂಕಾಗಿದ್ರ ಮೊದಲ ನನ್ನ ಬೆಳಿಸಾಲ ಮನ್ನಾ ಮಾಡ್ತಿದ್ದೆ.

ಪುಢಾರಿ: (ಚಾ ಹೀರುತ್ತ) ಬಂದೂಕು ಠೇವಣಿ ಇಟ್ರ ತಿರುಗಿ ಬರತೈತೇನು?

ಚಾಚಾ: ರಸೀದಿ ಕೊಡ್ತಾರ್ರಿ. ಎಣಿಕಿ ಮುಗಿದ ಮ್ಯಾಲ ನನ್ನ ಠೇವಣಿ ವಾಪಸ್. ನಿಮ್ಮ ಸಾಹೇಬ್ರದು?