ಸಂಸ್ಕೃತಿಸಂಧಿ ಪ್ರಕರಣ

ಇಸ್ತಾಂಬುಲ್ ನಗರವನ್ನು ಕುರಿತ ಪ್ರವಾಸಿ ಕೈಪಿಡಿ, ಪ್ರವಾಸಕಥನ, ವಿಮಾನದ ಸೀಟಿನ ಜೇಬಿನಲ್ಲಿ ಸಿಗುವ ಪತ್ರಿಕೆ, ವಿಚಾರಸಂಕಿರಣದ ಪ್ರಬಂಧ ಎಲ್ಲವೂ ಒಂದು ವಾಕ್ಯದ ಮಟ್ಟಿಗೆ ಒಮ್ಮತಕ್ಕೆ ಬಂದಿವೆ: ಇಲ್ಲಿ ಪೂರ್ವ ಪಶ್ಚಿಮಗಳ ಸಂಸ್ಕೃತಿಗಳು ಸಂಧಿಸುತ್ತವೆ. ಸಂಧಿಸಿದ್ದು ಸರಿ, ಯಾವ ಸಂಧಿ ಎಂದು ಯಾರೂ ಹೇಳುವುದಿಲ್ಲ. ವ್ಯಾಕರಣಕಾರ ಕೇಶಿರಾಜನ ನಾಡಿನವರಿಗೆ ಇದು ಸಹಿಸುವ ಮಾತಲ್ಲ. ನಮ್ಮಲ್ಲಿ ‘ಊರಲ್ಲಿ’ ಎಂಬ ಪುಟ್ಟ ಪದವನ್ನು ಬಿಡಿಸಿ ಬರೆದು ಸಂಧಿಯನ್ನು ಹೆಸರಿಸದಿದ್ದರೆ ಶಾಲೆಯ ಹುಡುಗನಿಗೂ ಒಂದು ಅಂಕ ಸಿಗುವುದಿಲ್ಲ. ಇಡೀ ಸಾಮ್ರಾಜ್ಯಗಳನ್ನು ಕೂಡಿಸಿಟ್ಟವರಿಗೆ ಮಾತ್ರ ಪೂರ್ಣಾಂಕ. ಆದ್ದರಿಂದ ಪ್ರಸ್ತುತ ಪ್ರಬಂಧವು ಸದರಿ ನಗರದ ಬಹುಸ್ತರೀಯ ಸಾಂಸ್ಕೃತಿಕ ಅವಕಾಶವನ್ನು ಅನುಸಂಧಾನದ ನೆಲೆಯಲ್ಲಿಯೂ, ಅನುಸಂಧಾನವನ್ನು ಮುಖಾಮುಖಿಯ ನೆಲೆಯಲ್ಲಿಯೂ, ಮುಖಾಮುಖಿಯನ್ನು ಒಳಗೊಳ್ಳುವಿಕೆಯ ನೆಲೆಯಲ್ಲಿಯೂ ಇಟ್ಟು, ನೆಲೆಗಳೆಲ್ಲ ಮುಗಿದ ಮೇಲೆ ನೆಲ ಎಲ್ಲಿದೆ ಎಂದು ತಡಕುವ ಒಂದು ವಿನಮ್ರ ಯತ್ನ.

ಮೊದಲು ಪ್ರಕೃತಿಭಾವ. ‘ಓಹೋ’, ‘ಅಯ್ಯೋ’ ಮುಂತಾದ ಉದ್ಗಾರಗಳ ಮುಂದೆ ಎಂಥ ಸ್ವರ ಬಂದರೂ ಸಂಧಿಯಾಗದೆ ಎರಡೂ ಇದ್ದಂತೆಯೇ ಇರುತ್ತವೆ. ಹಳೆಯ ಕುದುರೆಜೂಜಿನ ಮೈದಾನವಾದ ಹಿಪೊಡ್ರೋಮಿನಲ್ಲಿ ನಿಂತವರ ಬಾಯಿಂದ ಹೊರಡುವುದೂ ಉದ್ಗಾರವೇ, ಎದುರಿಗಿರುವುದೂ ಸಂಧಿಯಾಗದ ಕಂಬಗಳೇ. ಒಂದು ಕಂಬ ಈಜಿಪ್ಟಿನ ಮೂರನೆಯ ಥುತ್ಮೋಸನದು. ಅದನ್ನು ಥಿಯೋಡೋಸಿಯಸ್ ಇಲ್ಲಿ ನಿಲ್ಲಿಸಿದ್ದು ಕ್ರಿ.ಶ. 390ರಲ್ಲಿ. ಇನ್ನೊಂದು, ಹೆಣೆದುಕೊಂಡ ಹಾವುಗಳ ಕಂಚಿನ ಕಂಬ. ಕ್ರಿ.ಪೂ. 479ರಲ್ಲಿ ಪರ್ಷಿಯನ್ನರನ್ನು ಪ್ಲೇಟಿಯಾದಲ್ಲಿ ಸೋಲಿಸಿದ ಗ್ರೀಕರು ಡೆಲ್ಫಿಯ ದೇವರಿಗೆ ಒಪ್ಪಿಸಿದ್ದ ಕಾಣಿಕೆ ಅದು. ಈ ಎರಡೂ ಇಲ್ಲಿ ಭೇಟಿಯಾಗಲು ನಡೆದುಕೊಂಡು ಬಂದವಲ್ಲ. ಅವನ್ನು ಕಿತ್ತು, ಹೊತ್ತು, ತಂದು ನೆಟ್ಟರು. ಇದೇ ಮೈದಾನದಲ್ಲಿದ್ದವೆನ್ನುವ ನಾಲ್ಕು ಕಂಚಿನ ಕುದುರೆಗಳನ್ನು 1204ರಲ್ಲಿ ನಾಲ್ಕನೆಯ ಕ್ರುಸೇಡಿನ ಕ್ರೈಸ್ತರು ಈ ಕ್ರೈಸ್ತ ಪಟ್ಟಣವನ್ನು ಸೂರೆಮಾಡಿ ವೆನಿಸ್ಸಿಗೆ ಸಾಗಿಸಿದರು. ಕುದುರೆಗಳು ಹೋಗಿ ನಿಂತ ವೆನಿಸ್ಸನ್ನೂ ಕೈಪಿಡಿಗಳು ಪೂರ್ವ ಪಶ್ಚಿಮಗಳ ಸಂಗಮವೆಂದೇ ಕರೆಯುತ್ತವೆ. ಗಮನಿಸಬೇಕಾದ್ದು ಕ್ರಿಯಾಪದವನ್ನು. ‘ಸಂಧಿಸು’ ಎಂದರೆ ಕರ್ತೃವಿನ ಮೇಲೆ ಹೊಣೆಯಿಲ್ಲ; ಮೋಡಗಳು ಸಂಧಿಸಿದ ಹಾಗೆ ತಾನಾಗಿ ಆದದ್ದು. ‘ಹೊತ್ತು ತಂದರು’ ಎಂದರೆ ಯಾರು ಎಂಬ ಪ್ರಶ್ನೆ ಏಳುತ್ತದೆ.

ಆಗಮಸಂಧಿ ಸುಲಭ. ಎರಡು ಪದಗಳ ನಡುವೆ ಇಬ್ಬರಿಗೂ ಸೇರದ ಯಕಾರವೋ ವಕಾರವೋ ಬಂದು ಕೂರುವುದು. ಇಲ್ಲಿ ಯಕಾರವೆಂದರೆ ಯೂರೋ, ವಕಾರವೆಂದರೆ ವೀಸಾ. ಹೆಚ್ಚಿನ ವಿವರಣೆ ಬೇಡ.

ಆದೇಶಸಂಧಿಯ ಮುಂದೆ ತಮಾಷೆ ಸ್ವಲ್ಪ ಹಿಂದೆ ಸರಿಯಬೇಕು. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಮೊದಲಿದ್ದ ಮಳೆಗೆ ಏನೂ ಆಗುವುದಿಲ್ಲ. ಆಮೇಲೆ ಬಂದ ಕಾಲವೇ ತನ್ನ ಕಕಾರವನ್ನು ಗಕಾರ ಮಾಡಿಕೊಳ್ಳುತ್ತದೆ. ಬಂದವನು ಇದ್ದವನಿಗಾಗಿ ಬದಲಾಗುವ ಈ ಸಂಧಿ ಇಸ್ತಾಂಬುಲಿನಲ್ಲಿ ನಿಜವಾಗಿ ನಡೆದದ್ದುಂಟು. ಜಸ್ಟಿನಿಯನ್ನನ ಕಾಲದಲ್ಲಿ, 532ರಿಂದ 537ರವರೆಗೆ ಐದೇ ವರ್ಷದಲ್ಲಿ ಎದ್ದ ಹಾಗಿಯಾ ಸೋಫಿಯಾ ಒಂಬೈನೂರು ವರ್ಷ ಚರ್ಚಾಗಿತ್ತು. 1453ರಲ್ಲಿ ಊರನ್ನು ಗೆದ್ದ ಎರಡನೆಯ ಮೆಹಮದ್ ಅದನ್ನು ಕೆಡವಲಿಲ್ಲ, ಮಸೀದಿ ಮಾಡಿದ. ಆದರೆ ಸುಮಾರು 31 ಮೀಟರ್ ಅಗಲದ ಆ ಗುಮ್ಮಟ ಗೆದ್ದವರನ್ನು ಸುಮ್ಮನೆ ಬಿಡಲಿಲ್ಲ. ಕ್ರೈಸ್ತ ಮನೆಯಲ್ಲಿ ಹುಟ್ಟಿ ಸುಲ್ತಾನರ ಮುಖ್ಯ ವಾಸ್ತುಶಿಲ್ಪಿಯಾದ ಸಿನಾನ್ 1557ರಲ್ಲಿ ಮುಗಿಸಿದ ಸುಲೇಮಾನಿಯೆ ಮಸೀದಿಯಲ್ಲಿ, ನಡುಗುಮ್ಮಟಕ್ಕೆ ಎರಡು ಕಡೆಯಿಂದ ಅರೆಗುಮ್ಮಟಗಳು ಹೆಗಲು ಕೊಟ್ಟ ರೀತಿ ಹಾಗಿಯಾ ಸೋಫಿಯಾದ್ದೇ. ಸಾವಿರ ವರ್ಷ ಹಳೆಯ ಕಟ್ಟಡದ ಎದುರು ಕೂತು ಪಾಠ ಕಲಿತ ಹಾಗಿದೆ ಅದು. ಸಂಸ್ಕೃತಿಗಳು ಕೂಡಿದವೆಂಬ ಮಾತಿಗೆ ಸಾಕ್ಷಿ ಬೇಕಾದರೆ ಇಷ್ಟು ಸಾಕು; ಇದನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಹಾಗಿಯಾ ಸೋಫಿಯಾ 1935ರಲ್ಲಿ ವಸ್ತುಸಂಗ್ರಹಾಲಯವಾಗಿ, 2020ರಲ್ಲಿ ಮತ್ತೆ ಮಸೀದಿಯಾಯಿತು. ಈ ಆದೇಶಗಳು ಸಂಧಿಯವಲ್ಲ, ಸರ್ಕಾರದವು.

ಉಳಿದದ್ದು ಲೋಪಸಂಧಿ. ಇಲ್ಲಿ ಹೋಗುವುದು ಪೂರ್ವಪದದ ಕೊನೆಯ ಸ್ವರ, ಎಂದರೆ ಮೊದಲಿಂದ ಇದ್ದವನ ಸ್ವರ. ಶಾಲೆಯ ಉದಾಹರಣೆ: ಮಾತು ಮತ್ತು ಇಲ್ಲ ಸೇರಿದರೆ ಮಾತಿಲ್ಲ. 1923ರ ಒಪ್ಪಂದದಲ್ಲಿ (ಅದನ್ನೂ ಸಂಧಿ ಎನ್ನುವುದುಂಟು) ಗ್ರೀಸ್ ಮತ್ತು ಟರ್ಕಿ ಜನರನ್ನು ಅದಲುಬದಲು ಮಾಡಿಕೊಂಡಾಗ ಇಸ್ತಾಂಬುಲಿನ ಗ್ರೀಕರಿಗೆ ವಿನಾಯಿತಿ ಸಿಕ್ಕಿತ್ತು. ಆಗ ಅವರು ಲಕ್ಷದಷ್ಟು ಇದ್ದರು. 1942ರಲ್ಲಿ ಆಸ್ತಿ ತೆರಿಗೆ ಬಂತು. ಗ್ರೀಕ್, ಆರ್ಮೇನಿಯನ್, ಯಹೂದಿ ವ್ಯಾಪಾರಿಗಳಿಗೆ ಮುಸ್ಲಿಮರಿಗಿಂತ ಹಲವು ಪಟ್ಟು ಹೇರಿ, ಕಟ್ಟಲಾಗದವರನ್ನು ಪೂರ್ವದ ಚಳಿನಾಡಾದ ಅಶ್ಕಾಲೆಗೆ ಕೂಲಿಗೆ ಕಳಿಸಿದರು. 1955ರ ಸೆಪ್ಟೆಂಬರ್ 6ರ ರಾತ್ರಿ, ಗ್ರೀಸಿನ ಥೆಸಲೊನೀಕಿಯಲ್ಲಿ ಟರ್ಕಿ ಗಣರಾಜ್ಯದ ಸ್ಥಾಪಕ ಅತಾತುರ್ಕ್ ಹುಟ್ಟಿದ ಮನೆಗೆ ಬಾಂಬು ಬಿತ್ತೆಂಬ ಸುದ್ದಿಯ ಬೆನ್ನಿಗೇ ಗುಂಪುಗಳು ಸಾವಿರಾರು ಅಂಗಡಿ ಮನೆಗಳನ್ನೂ ಎಪ್ಪತ್ತಕ್ಕೂ ಹೆಚ್ಚು ಚರ್ಚುಗಳನ್ನೂ ಒಡೆದವು. ಇಂದು ಪ್ರವಾಸಿಗಳು ಕೆಂಪು ಟ್ರಾಮಿನ ಫೋಟೋ ತೆಗೆಯುವ ಇಸ್ತಿಕ್ಲಾಲ್ ಬೀದಿಯಲ್ಲಿ ಅಂದು ಹರಿದ ಬಟ್ಟೆಯ ಥಾನುಗಳೂ ಗಾಜಿನ ಚೂರುಗಳೂ ಹಾಸಿಕೊಂಡಿದ್ದವು. 1964ರಲ್ಲಿ ಗ್ರೀಕ್ ಪೌರತ್ವವಿದ್ದವರನ್ನು 20 ಕಿಲೋ ಸಾಮಾನಿನೊಂದಿಗೆ ಹೊರಗಟ್ಟಿದರು. ಅವರ ಹಿಂದೆ ಹೆಂಡತಿ ಮಕ್ಕಳೂ ನಡೆದರು. ಈಗ ಉಳಿದವರು ಎರಡು ಮೂರು ಸಾವಿರ. ಅರ್ಥ ಕೆಡದಿದ್ದರೆ ಮಾತ್ರ ಸ್ವರವನ್ನು ಲೋಪ ಮಾಡಬಹುದು ಎಂದು ನಮ್ಮ ವ್ಯಾಕರಣ ಒಂದು ಷರತ್ತು ಹಾಕಿದೆ. ಇಲ್ಲಿ ಅರ್ಥವೇ ಕೆಟ್ಟಿತು. ಕೆಟ್ಟ ಅರ್ಥದ ಮೇಲೆ ‘ಸಂಸ್ಕೃತಿಗಳ ಸಂಗಮ’ ಎಂಬ ಫಲಕ ತೂಗುಹಾಕಿ, ಅದರ ಕೆಳಗೆ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುವುದಕ್ಕೆ ಅನುಸಂಧಾನ ಎನ್ನುವವರ ನಾಲಗೆಗೆ ಏನು ಹೇಳುವುದು? ಬೇರೆ ಸಂಧಿಗಳನ್ನು ವಿವರಿಸುವ ಉಮೇದು ಇಲ್ಲಿಗೆ ಮುಗಿಯಿತು.

ಆಕ್ಷೇಪಗಳಿವೆ. ರಕ್ತ ಹರಿಯದ ಹಳೆಯ ಊರು ಯಾವುದಿದೆ, ಒಂದು ರಾತ್ರಿಯ ಗಲಭೆಗಾಗಿ ಒಂದೂವರೆ ಸಾವಿರ ವರ್ಷದ ಕೂಡುಬಾಳನ್ನು ತಳ್ಳಿಹಾಕುವುದೇ? ತಳ್ಳಿಹಾಕುವುದಲ್ಲ, ಕೂಡಿ ಬಾಳಿದ್ದರೆಂಬುದಕ್ಕಾಗಿಯೇ ಕೋಪ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ ಹೆಸರು ಕಳೆದುಕೊಳ್ಳುತ್ತಾಳೆ, ಅದರಲ್ಲಿ ತಪ್ಪೇನು ಎಂದು ಕೇಳುವವರೂ ಇದ್ದಾರೆ. ನದಿಯನ್ನು ಯಾರೂ 20 ಕಿಲೋ ಗಂಟು ಕೊಟ್ಟು ಕಳಿಸುವುದಿಲ್ಲ. ಇನ್ನೂ ಒಂದು ವಾದ: ಪ್ರವಾಸಿಗೆ ಇಷ್ಟೆಲ್ಲ ಏಕೆ, ಅವನು ನಾಲ್ಕು ದಿನ ನೋಡಲು ಬಂದವನು. ನೋಡಲು ಬಂದವನಿಗೆ ಕಾಣುವುದನ್ನಾದರೂ ತೋರಿಸಬೇಕಲ್ಲ? ಹಾಗಿಯಾ ಸೋಫಿಯಾ, ತೋಪ್‌ಕಾಪಿ ಅರಮನೆ, ಸುಲ್ತಾನ್ ಅಹ್ಮದ್ ಮಸೀದಿ, 336 ಕಂಬಗಳ ನೆಲದಡಿಯ ನೀರಿನ ತೊಟ್ಟಿ, ಎಲ್ಲವೂ ಯೂರೋಪಿನ ದಡದಲ್ಲೇ ಇವೆ. ಪೂರ್ವವನ್ನು ನೋಡಿದೆವೆಂದು ಬೀಗುವವರಲ್ಲಿ ಎಷ್ಟೋ ಜನ ಬಾಸ್ಫರಸ್ ಜಲಸಂಧಿಯ ಆಚೆ, ಏಷ್ಯಾದ ದಡಕ್ಕೆ ಕಾಲಿಟ್ಟಿರುವುದಿಲ್ಲ. ಡೋಲ್ಮಾಬಾಹ್ಚೆ ಅರಮನೆಯನ್ನು ಸುಲ್ತಾನ ಕಟ್ಟಿಸಿದ ಎಂದು ಹೇಳುವ ಬಾಯಿ, ಅದರ ವಾಸ್ತುಶಿಲ್ಪಿಗಳು ಬಾಲ್ಯಾನ್ ಎಂಬ ಆರ್ಮೇನಿಯನ್ ಮನೆತನದವರು ಎನ್ನಲು ಇನ್ನೆಷ್ಟು ತೆರೆಯಬೇಕು?

ಕೊನೆಗೆ ಹೆಸರಿನ ವಿಚಾರ. 1930ರಲ್ಲಿ ಟರ್ಕಿ ಸರ್ಕಾರವು ಹೊರದೇಶದವರು ಇನ್ನು ಕಾನ್‌ಸ್ಟಾಂಟಿನೋಪಲ್ ಎನ್ನಕೂಡದು, ಇಸ್ತಾಂಬುಲ್ ಎಂದೇ ಬರೆಯಬೇಕು ಎಂದಿತು. ಗ್ರೀಕ್ ಹೆಸರು ಹೋಗಿ ಬಂದ ಈ ಹೆಸರೂ ಗ್ರೀಕಿನದೇ ಎಂದು ವಿದ್ವಾಂಸರ ಸಾಮಾನ್ಯ ಮತ: ‘ಈಸ್ ತಿನ್ ಪೋಲಿನ್’. ಗ್ರೀಕರು ಆ ಊರನ್ನು ಈಗಲೂ ಬರೀ ‘ಪೋಲಿ’ ಎನ್ನುತ್ತಾರೆ; ನಮ್ಮ ಪೋಲಿಗೂ ಅದಕ್ಕೂ ನಂಟಿಲ್ಲ, ಪಟ್ಟಣ ಎಂದರ್ಥ. ಕನ್ನಡಕ್ಕೆ ತಂದರೆ ಚತುರ್ಥಿ ವಿಭಕ್ತಿ: ‘ಪೇಟೆಗೆ’. ಹಳ್ಳಿಯಿಂದ ಹೊರಟವನನ್ನು ಎಲ್ಲಿಗೆ ಎಂದು ಕೇಳಿದರೆ ಊರ ಹೆಸರು ಹೇಳದೆ ಪೇಟೆಗೆ ಎನ್ನುವುದಿಲ್ಲವೇ, ಹಾಗೆ. ಪೇಟೆಗೆ ಎಂದು ಹೊರಟು ಸಂಜೆ ಮನೆಗೆ ಮರಳುತ್ತಿದ್ದವರ ಮೊಮ್ಮಕ್ಕಳು ಇವತ್ತು ಅಥೆನ್ಸಿನಿಂದ ಟಿಕೆಟ್ ತೆಗೆಸಿ ಅದೇ ಪೇಟೆಗೆ ಬರುತ್ತಾರೆ. ಹಾಗಿಯಾ ಸೋಫಿಯಾದ ಮುಂದೆ ವಿದೇಶಿಯರ ಸಾಲಿನಲ್ಲಿ ನಿಲ್ಲುತ್ತಾರೆ, ಕೈಯಲ್ಲಿ 25 ಯೂರೋ ಹಿಡಿದು.